ಮಳೆ ರಜೆಯಲ್ಲಿ ಪುಟ್ಟ ಕೈಗಳಿಗೆ ಕೆಲಸ: ಒಂದೂವರೆಯಿಂದ ಐದು ವರ್ಷದ ಮಕ್ಕಳಿಗೆ ಮನೆಯಲ್ಲೇ ಬಣ್ಣ, ಹಿಟ್ಟು, ಎಲೆ, ಅಂಟು

ಜೂನ್ ಕಾಲಿಟ್ಟಿತೆಂದರೆ ಮಂಗಳೂರು, ಉಡುಪಿಯ ಮನೆಗಳಲ್ಲಿ ಬೆಳಿಗ್ಗೆ ಎದ್ದವರು ಮೊದಲು ಹುಡುಕುವುದು ಜಿಲ್ಲಾಧಿಕಾರಿಗಳ ರಜೆಯ ಆದೇಶವನ್ನು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಕರಾವಳಿ ಇದು. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂಗನವಾಡಿಗೆ ಬಾಗಿಲು, ಅಂಗಳದಲ್ಲಿ ನೀರು, ಒಳಗೆಲ್ಲ ಒಣಗದ ಬಟ್ಟೆ. ಪುಟ್ಟ ಮಕ್ಕಳ ಕೈಗೆ ಮೊಬೈಲು ಬರುವುದು ಹೆಚ್ಚಾಗಿ ಇಂಥ ದಿನಗಳಲ್ಲೇ.

ಅದೇ ಕೈಗೆ ಬಣ್ಣ, ಹಿಟ್ಟು, ಎಲೆ ಕೊಡುವುದು ಕಷ್ಟವಲ್ಲ. ದುಬಾರಿ ಕಿಟ್ ಬೇಕಾಗಿಲ್ಲ. ಅಂಗಡಿಯ ಕರಕುಶಲ ಕಿಟ್‌ಗಳ ಬಗ್ಗೆ ನನ್ನ ತಕರಾರು ಬೆಲೆಯದ್ದಲ್ಲ: ಮೂರು ವರ್ಷದ ಮಗುವಿಗೆಂದು ಮಾರುವ ಪೆಟ್ಟಿಗೆಯಲ್ಲಿ ಮುಕ್ಕಾಲು ಪಾಲು ಕೆಲಸ ಅಪ್ಪ ಅಮ್ಮಂದಿರದ್ದೇ ಆಗಿರುತ್ತದೆ. ಕೊನೆಗೆ ಗೋಡೆಯ ಮೇಲೆ ಚೆಂದದ ಚಿಟ್ಟೆ ಕೂರುತ್ತದೆ, ಮಗುವಿನ ಬೆರಳು ಮಾತ್ರ ಏನನ್ನೂ ಕಲಿತಿರುವುದಿಲ್ಲ. ಈ ವಯಸ್ಸಿನಲ್ಲಿ ಕಲೆಯ ಉದ್ದೇಶ ಆ ಬೆರಳುಗಳೇ. ಕೆಳಗಿನ ಪ್ರತಿಯೊಂದು ಕೆಲಸವನ್ನೂ ನಾನು ಆ ಒಂದು ಅಳತೆಗೋಲಿನಿಂದಲೇ ಆರಿಸಿದ್ದೇನೆ.

ಕೈಯ ವಯಸ್ಸು ನೋಡಿ ಕೆಲಸ ಕೊಡಿ

ಒಂದೂವರೆ ವರ್ಷದ ಮಗು ಕ್ರೇಯಾನನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಗೀಚುವಾಗ ಭುಜದಿಂದಲೇ ತೋಳು ಆಡುತ್ತದೆ. ಹಾಗಾಗಿ ಅದಕ್ಕೆ ದೊಡ್ಡ ಹಾಳೆ, ದಪ್ಪ ಕ್ರೇಯಾನು ಬೇಕು. ಸಣ್ಣ ಪುಸ್ತಕದ ಗೆರೆಯೊಳಗೆ ಬಣ್ಣ ತುಂಬು ಎಂದರೆ ಆಗದ ಮಾತು. ಮೂರರ ಸುಮಾರಿಗೆ ಮುಚ್ಚಿದ ವೃತ್ತ ಬರುತ್ತದೆ, ನಾಲ್ಕರ ಹೊತ್ತಿಗೆ ಕೂಡಿಸುವ ಚಿಹ್ನೆಯಂಥ ಅಡ್ಡ–ಉದ್ದ ಗೆರೆ, ಆಮೇಲೆ ಚೌಕ, ತ್ರಿಕೋನ ಬರಲು ಐದಾಗುತ್ತದೆ. ಒಂದೆರಡು ತಿಂಗಳು ಹಿಂದೆ ಮುಂದೆ ಆದರೆ ಚಿಂತೆ ಬೇಡ.

ಎರಡು ವರ್ಷದವರು ಒಂದು ಕೆಲಸದಲ್ಲಿ ಐದು–ಹತ್ತು ನಿಮಿಷ ಕೂತರೆ ಅದೇ ದೊಡ್ಡದು. ಸಿದ್ಧತೆಗೆ ಅರ್ಧ ಗಂಟೆ, ಆಟಕ್ಕೆ ಐದು ನಿಮಿಷ ಎಂದು ಬೇಸರಿಸಬೇಡಿ. ಅದೇ ಸಾಮಾನನ್ನು ಸಂಜೆ ಇನ್ನೊಮ್ಮೆ ಮುಂದಿಡಿ. ಹಸಿವು, ನಿದ್ದೆಯ ಹೊತ್ತಿನಲ್ಲಿ ಮಾತ್ರ ಬಣ್ಣ ತೆಗೆಯಬೇಡಿ.

ಶುರುವಿಗೆ ಮುನ್ನ

ನೆಲದ ಮೇಲೆ ಹಳೆಯ ಟರ್ಪಾಲು ಅಥವಾ ಪ್ಲಾಸ್ಟಿಕ್ ಚಾಪೆ ಹಾಸಿ. ಅದರ ಮೇಲೆ ಒಂದು ಮಣೆ, ಪಕ್ಕದಲ್ಲಿ ಅರ್ಧ ಬಕೆಟ್ ನೀರು, ಒಂದು ಹಳೆಯ ಬೈರಾಸು. ನೀರು ಅರ್ಧ ಬಕೆಟ್‌ನಷ್ಟೇ ಇದ್ದರೂ ಪುಟ್ಟ ಮಗುವನ್ನು ಅದರ ಬಳಿ ಒಂಟಿಯಾಗಿ ಬಿಟ್ಟು ಏಳಬಾರದು. ಬಾಗಿಲ ಗಂಟೆ ಹೊಡೆದರೂ ಮಗುವನ್ನು ಎತ್ತಿಕೊಂಡೇ ಹೋಗಿ. ಮಗುವಿಗೆ ಅಪ್ಪನ ಹಳೆಯ ಅಂಗಿಯನ್ನು ಹಿಂದುಮುಂದಾಗಿ ತೊಡಿಸಿದರೆ ಅದೇ ಏಪ್ರನ್. ಬಚ್ಚಲಿಗೆ ಹತ್ತಿರದ ಜಾಗವಾದರೆ ತೊಳೆಯುವುದು ಸುಲಭ.

ಮೂರು ವರ್ಷದೊಳಗಿನ ಮಕ್ಕಳು ಎಲ್ಲವನ್ನೂ ಬಾಯಿಗೆ ಹಾಕುತ್ತಾರೆ. ಮೂರು ಸೆಂಟಿಮೀಟರಿಗಿಂತ ಚಿಕ್ಕದಾದ ಯಾವ ವಸ್ತುವನ್ನೂ ಅವರ ಮುಂದೆ ಇಡಬೇಡಿ: ಮಣಿ, ಗುಂಡಿ, ಹುಣಸೆಬೀಜ, ಕಡಲೆ, ಪಣಂಬೂರಿನಿಂದಲೋ ಮಲ್ಪೆಯಿಂದಲೋ ಹೆಕ್ಕಿ ತಂದ ಚಿಕ್ಕ ಚಿಪ್ಪು, ಯಾವುದೂ ಬೇಡ. ಥರ್ಮಾಕೋಲನ್ನು ಮಕ್ಕಳು ಕಚ್ಚಿ ತುಂಡರಿಸುತ್ತಾರೆ. ಮಿನುಗು ಪುಡಿ ಕಣ್ಣಿಗೆ ಹೋಗುತ್ತದೆ. ಇವೆರಡನ್ನೂ ಮನೆಗೆ ತರದಿರುವುದೇ ಲೇಸು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಕಡೆ ಬೇಲಿಯಲ್ಲಿ ಸಿಗುವ ಗುಲಗಂಜಿ ನೋಡಲು ಬಲು ಚೆಂದ, ಕೆಂಪು ಮೈಗೆ ಕಪ್ಪು ಬೊಟ್ಟು. ಅದು ಕಡು ವಿಷ. ಜಗಿದು ನುಂಗಿದರೆ ಜೀವಕ್ಕೇ ಅಪಾಯ. ಚೆನ್ನೆಮಣೆ ಆಟಕ್ಕೆ ಬಳಸುವ ಮಂಜೊಟ್ಟಿ ಬೀಜ ಪೂರ್ತಿ ಕೆಂಪಾಗಿರುತ್ತದೆ. ಮಕ್ಕಳ ಕಣ್ಣಿಗೆ ಎರಡೂ ಒಂದೇ. ಯಾವ ವಯಸ್ಸಿನ ಮಗುವಿನ ಕರಕುಶಲಕ್ಕೂ ಗುಲಗಂಜಿಯನ್ನು ಬಳಸಬೇಡಿ.

ನೀರು ಮತ್ತು ಹೆಂಚು: ಒಂದೂವರೆ ವರ್ಷದಿಂದ

ಮೊದಲ ಚಿತ್ರಕ್ಕೆ ಬಣ್ಣವೇ ಬೇಡ. ಹಳೆಯ ಮಂಗಳೂರು ಹೆಂಚೊಂದನ್ನು ತೊಳೆದು ಒಣಗಿಸಿ, ಚೂಪಾದ ಅಂಚಿದ್ದರೆ ಕಲ್ಲಿಗೆ ತಿಕ್ಕಿ ನಯ ಮಾಡಿ. ಒಂದು ಲೋಟದಲ್ಲಿ ಎರಡು ಬೆರಳು ನೀರು, ಜೊತೆಗೆ ಗೋಡೆಗೆ ಬಣ್ಣ ಬಳಿಯುವ ಅಗಲ ಬ್ರಷ್ ಕೊಡಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಾಗಿನಿಂದ ಈ ಹೆಂಚು ಸುಟ್ಟ ಜೇಡಿಯದ್ದೇ, ಮೇಲೆ ಹೊಳಪಿನ ಲೇಪವಿಲ್ಲ. ಹಾಗಾಗಿ ನೀರನ್ನು ಕೂಡಲೇ ಹೀರುತ್ತದೆ: ಬ್ರಷ್ ಹೋದಲ್ಲೆಲ್ಲ ಕಿತ್ತಳೆ ಬಣ್ಣ ಗಾಢ ಕಂದಾಗುತ್ತದೆ, ನೋಡುತ್ತಿದ್ದಂತೆ ಅಂಚಿನಿಂದ ಮಾಸಲಾರಂಭಿಸುತ್ತದೆ. ಮಗು ಮತ್ತೆ ಬಳಿಯುತ್ತದೆ. ತೊಳೆಯುವ ಕೆಲಸವಿಲ್ಲ, ಬಾಯಿಗೆ ಹೋದರೂ ನೀರು. ಮೂರು ದಾಟಿದವರಿಗೆ ಅದೇ ಹೆಂಚಿನ ಮೇಲೆ ಸೀಮೆಸುಣ್ಣ ಕೊಡಬಹುದು.

ಇದರ ಜೊತೆಗೆ, ಮೂರು ದಾಟಿದವರಿಂದ ಹರಿವಾಣದಲ್ಲಿ ಹರಡಿದ ಅಕ್ಕಿಯ ಮೇಲೆ ಬೆರಳಿನಿಂದ ಗೆರೆ ಎಳೆಸಿ. ವಿಜಯದಶಮಿಯ ಅಕ್ಷರಾಭ್ಯಾಸಕ್ಕೆ ನಾವು ಮಾಡಿಸುವುದೂ ಇದನ್ನೇ. ಅದನ್ನು ಒಂದು ದಿನಕ್ಕೆ ಮುಗಿಸಬೇಕಾಗಿಲ್ಲ. ಬಾಯಿಗೆ ಹಾಕಿದರೆ ಗಂಟಲಿಗೆ ಸಿಕ್ಕಿಕೊಳ್ಳಬಹುದಾದ್ದರಿಂದ ಹತ್ತಿರ ಕೂತಿರಿ.

ಅಡುಗೆಮನೆಯ ಬೆರಳುಬಣ್ಣ

ತಿಂದರೂ ಹೆದರಿಕೆಯಿಲ್ಲದ ಬಣ್ಣವನ್ನು ಮನೆಯಲ್ಲೇ ಕುದಿಸಬಹುದು.

1. ಕಾಲು ಕಪ್ ಕಾರ್ನ್‌ಫ್ಲೋರನ್ನು ಕಾಲು ಕಪ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ.
2. ಒಂದು ಕಪ್ ನೀರು ಕುದಿಯಲು ಶುರುವಾದಾಗ ಉರಿ ತಗ್ಗಿಸಿ, ಕದಡಿದ್ದನ್ನು ಸುರಿಯುತ್ತ ಕೈಯಾಡಿಸಿ.
3. ಹಾಲುಬಿಳುಪು ಹೋಗಿ ಮಿಶ್ರಣ ತುಸು ಪಾರದರ್ಶಕವಾಗಿ ಹೊಳೆಯಲಾರಂಭಿಸಿದಾಗ ಇಳಿಸಿ. ದೋಸೆ ಹಿಟ್ಟಿಗಿಂತ ಮಂದವಾಗಿ ಕಂಡರೆ ಚಮಚ ಚಮಚವಾಗಿ ನೀರು ಸೇರಿಸಿ.
4. ಪೂರ್ತಿ ತಣಿದ ಮೇಲೆ ಮೂರು–ನಾಲ್ಕು ಬಟ್ಟಲಿಗೆ ಹಂಚಿ, ಬಣ್ಣ ಬೆರೆಸಿ.

ಹಳದಿಗೆ ಅರಸಿನ. ಕೆಂಪಿಗೆ ಬೀಟ್‌ರೂಟ್ ತುರಿದು ಹಿಂಡಿದ ರಸ. ನೇರಳೆಗೆ ನಮ್ಮೂರಿನ ಹಿತ್ತಿಲಲ್ಲೇ ಇರುವ ಬಸಳೆ: ಚಪ್ಪರದಲ್ಲಿ ಕಪ್ಪಾಗಿ ಹಣ್ಣಾದ ಅದರ ಕಾಯಿಯನ್ನು ಹಿಸುಕಿದರೆ ಬರುವ ರಸದ ಮುಂದೆ ಅಂಗಡಿಯ ಬಣ್ಣ ಮಂಕು. ನೀಲಿಗೆ ಶಂಖಪುಷ್ಪದ ಹೂವನ್ನು ಬಿಸಿನೀರಿನಲ್ಲಿ ನೆನೆಸಿ. ನಾಲ್ಕು ವರ್ಷದವರಾದರೆ ಆ ನೀಲಿಗೆ ನಾಲ್ಕು ತೊಟ್ಟು ಲಿಂಬೆರಸವನ್ನು ಅವರಿಂದಲೇ ಹಿಂಡಿಸಿ. ಕಣ್ಣೆದುರೇ ನೇರಳೆಗೆ ತಿರುಗುತ್ತದೆ. ಅರಸಿನಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಕೆಂಪಡರುತ್ತದೆ. ಆರತಿಗೆ ಬಳಸುವ ಸುಣ್ಣ ಮಾತ್ರ ಬೇಡ, ಅದು ಎಳೆಯ ಚರ್ಮವನ್ನು, ಕಣ್ಣನ್ನು ಸುಡುತ್ತದೆ.

ಮಗುವಿನ ಮುಂದೆ ಮೊದಲ ದಿನ ಒಂದೇ ಬಣ್ಣ ಇಡಿ, ಆಮೇಲೆ ಎರಡು. ನಾಲ್ಕನ್ನೂ ಒಟ್ಟಿಗೆ ಕೊಟ್ಟರೆ ಎರಡೇ ನಿಮಿಷದಲ್ಲಿ ಎಲ್ಲವೂ ಕೆಸರು ಬಣ್ಣವಾಗುತ್ತದೆ. ಹಳದಿ–ನೀಲಿ ಜೋಡಿ ಕೊಟ್ಟರೆ ಬೆರಳ ಸಂದಿಯಲ್ಲೇ ಹಸಿರು ಹುಟ್ಟುವುದನ್ನು ಮಗು ತಾನಾಗಿ ಕಾಣುತ್ತದೆ. ಈ ಬಣ್ಣ ಫ್ರಿಜ್ಜಿನಲ್ಲಿ ಎರಡು ದಿನ ನಿಲ್ಲುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಅರಸಿನ, ಬಸಳೆ ಎರಡೂ ಬಟ್ಟೆಯನ್ನು ಬಿಡುವುದಿಲ್ಲ. ಹಳೆಯ ಬಟ್ಟೆ ಹಾಕಿಸಿ. ಕಾಗದಕ್ಕೆ ಕ್ಯಾಲೆಂಡರಿನ ಹಿಂಬದಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನುಣುಪು ಕಾಗದದ ಮೇಲೆ ನೀರುಬಣ್ಣ ಜಾರುತ್ತದೆ. ಸಿಹಿತಿಂಡಿ ಪೆಟ್ಟಿಗೆಯ ಒಳಬದಿ, ಮದುವೆ ಕಾಗದದ ದಪ್ಪ ರಟ್ಟು ಅದಕ್ಕಿಂತ ಎಷ್ಟೋ ಮೇಲು.

ಅಚ್ಚೊತ್ತುವುದು: ಎರಡು ವರ್ಷದಿಂದ

ಒಂದೇ ಒಂದು ಕೆಲಸ ಮಾಡಿಸುತ್ತೇನೆಂದರೆ ಇದನ್ನೇ ಮಾಡಿಸಿ. ಎರಡು ವರ್ಷದ ಕೈಗೂ ಬರುತ್ತದೆ, ಐದು ವರ್ಷದವರಿಗೂ ಬೇಸರ ಬರುವುದಿಲ್ಲ.

ಬಲಿತ ಬೆಂಡೆಯನ್ನು ಅಡ್ಡಕ್ಕೆ ಕೊಯ್ದರೆ ನಕ್ಷತ್ರ. ಹಾಗಲವನ್ನು ಕೊಯ್ದು ತಿರುಳು ತೆಗೆದರೆ ಅಂಕುಡೊಂಕು ಅಂಚಿನ ಬಳೆ. ಆದರೆ ನನ್ನ ಮೆಚ್ಚು ಬಾಳೆ ಎಲೆಯ ದಂಟು. ಊಟಕ್ಕೆ ಎಲೆ ಕೊಯ್ದ ಮೇಲೆ ಉಳಿಯುವ ದಪ್ಪ ದಂಟನ್ನು ಹರಿತವಾದ ಕತ್ತಿಯಿಂದ ಒಂದೇ ಏಟಿಗೆ ಅಡ್ಡಕ್ಕೆ ತುಂಡರಿಸಿ ನೋಡಿ: ಅರ್ಧಚಂದ್ರದ ಆಕಾರ, ಅದರೊಳಗೆ ಸಾಲಾಗಿ ಗಾಳಿಯ ಗೂಡುಗಳು, ನಡುವೆ ತೆಳುವಾದ ಗೋಡೆಗಳು. ಒತ್ತಿದಾಗ ಆ ಒಂದೊಂದು ಗೋಡೆಯೂ ಕಾಗದದ ಮೇಲೆ ಮೂಡುತ್ತದೆ. ಎರಡನ್ನು ಎದುರುಬದುರಾಗಿ ಒತ್ತಿದರೆ ಹೂವು, ಒಂದರ ಮೇಲೊಂದು ಒತ್ತಿದರೆ ಮೀನಿನ ಪೊರೆ.

ಕ್ರಮ ಹೀಗೆ:

1. ಕೊಯ್ಯುವುದು ದೊಡ್ಡವರ ಕೆಲಸ, ಮಗುವಿನಿಂದ ದೂರದಲ್ಲಿ. ಹಿಡಿಯಲು ಬರುವಂತೆ ತುಂಡು ನಾಲ್ಕು ಬೆರಳು ಉದ್ದವಿರಲಿ.
2. ಕೊಯ್ದ ಮುಖವನ್ನು ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ. ಬಾಳೆಯ ಸೊನೆ ಬಟ್ಟೆಗೆ ತಾಗಿದರೆ ಕಂದು ಕಲೆ ಒಗೆದರೂ ಹೋಗುವುದಿಲ್ಲ, ಜೋಪಾನ.
3. ಬಣ್ಣವನ್ನು ಬಟ್ಟಲಲ್ಲಿ ಇಡಬೇಡಿ, ಅದ್ದಿದರೆ ಹೆಚ್ಚಾಗುತ್ತದೆ. ತಟ್ಟೆಯಲ್ಲಿ ಒದ್ದೆ ಸ್ಪಂಜು ಇಟ್ಟು, ಮೇಲೆ ಎರಡು ಚಮಚ ಬಣ್ಣ ಹರಡಿ. ಇಲ್ಲಿ ನೀರಿನಲ್ಲಿ ತೊಳೆದುಹೋಗುವ ಪೋಸ್ಟರ್ ಬಣ್ಣ ಚೆನ್ನಾಗಿ ಹಿಡಿಯುತ್ತದೆ.
4. ಒಮ್ಮೆ ನೀವು ಒತ್ತಿ ತೋರಿಸಿ. ಆಮೇಲೆ ಕೈ ಕಟ್ಟಿ ಕೂರಿ. ಮಗು ಒತ್ತುವ ಬದಲು ಎಳೆದಾಡಿದರೆ ಎಳೆದಾಡಲಿ.

ಎಲೆಯ ಅಚ್ಚೂ ಹೀಗೆಯೇ. ನರ ಎದ್ದು ಕಾಣುವ ಎಲೆಯ ಅಡಿಭಾಗಕ್ಕೆ ಬಣ್ಣ ಬಳಿದು, ಕಾಗದಕ್ಕೆ ಮಗುಚಿ, ಮೇಲೆ ಹಳೆಯ ಪತ್ರಿಕೆ ಇಟ್ಟು ಅಂಗೈಯಿಂದ ಉಜ್ಜಿಸಿ. ಮಳೆಗಾಲದಲ್ಲಿ ಮುರಕಲ್ಲಿನ ಪಾಗಾರದ ಮೇಲೆ ಜರಿಗಿಡವೊಂದು ಹುಟ್ಟುತ್ತದಲ್ಲ, ಎಲೆಯ ಅಡಿಯಲ್ಲಿ ಬಿಳಿ ಪುಡಿ ಮೆತ್ತಿಕೊಂಡಿರುವುದು, ಅದಕ್ಕಂತೂ ಬಣ್ಣವೇ ಬೇಡ. ಮುಂಗೈಯ ಮೇಲಿಟ್ಟು ಪಟ್ಟೆಂದು ತಟ್ಟಿ ಎತ್ತಿದರೆ ಬೆಳ್ಳಿಯ ಜರಿ ಚರ್ಮದ ಮೇಲೆ ಉಳಿಯುತ್ತದೆ. ನಿಮ್ಮ ಅಜ್ಜಿಯ ಕೈಯಲ್ಲೂ ಒಂದು ಕಾಲದಲ್ಲಿ ಇದು ಮೂಡಿದ್ದೀತು. ಮಗುವಿಗೆ ತೋರಿಸುವ ಕೆಲಸವನ್ನು ಅವರಿಗೇ ಬಿಡಿ. ಪುಡಿ ಕಣ್ಣಿಗೆ, ಬಾಯಿಗೆ ಹೋಗದಂತೆ ಕೂಡಲೇ ಕೈ ತೊಳೆಸಿ.

ಹಿಟ್ಟಿನ ಮುದ್ದೆ

ಬೇಕಾದದ್ದು: ಮೈದಾ ಒಂದು ಕಪ್, ಪುಡಿ ಉಪ್ಪು ಅರ್ಧ ಕಪ್, ನೀರು ಒಂದು ಕಪ್, ತೆಂಗಿನೆಣ್ಣೆ ಒಂದು ದೊಡ್ಡ ಚಮಚ, ಲಿಂಬೆರಸ ಒಂದು ದೊಡ್ಡ ಚಮಚ. ಎಲ್ಲವನ್ನೂ ದಪ್ಪ ತಳದ ಬಾಣಲೆಯಲ್ಲಿ ಕದಡಿ ಸಣ್ಣ ಉರಿಯಲ್ಲಿ ಮಗುಚುತ್ತ ಹೋಗಿ. ಮೊದಲು ತಳ ಹಿಡಿಯುತ್ತದೆ, ನಾಲ್ಕೈದು ನಿಮಿಷದಲ್ಲಿ ಬಾಣಲೆ ಬಿಟ್ಟು ಒಂದೇ ಉಂಡೆಯಾಗುತ್ತದೆ. ಬೆಚ್ಚಗಾಗುವವರೆಗೆ ಆರಿಸಿ, ನಯವಾಗುವಷ್ಟು ನಾದಿ.

ಆಟಕ್ಕೆ ಲಟ್ಟಣಿಗೆ, ಗೆರಟೆ, ಸ್ಟೀಲಿನ ಲೋಟ, ಚಕ್ಕುಲಿ ಒರಳು ಸಾಕು. ಎರಡು ವರ್ಷದವರು ಚುಚ್ಚುತ್ತಾರೆ, ಹಿಸುಕುತ್ತಾರೆ. ಮೂರಕ್ಕೆ ಹಾವು ಹೊಸೆಯುತ್ತಾರೆ. ನಾಲ್ಕಕ್ಕೆ ಅಂಗೈಗಳ ನಡುವೆ ಉಂಡೆ ಕಟ್ಟಲು ಬರುತ್ತದೆ. ಮುಂದೆ ಪೆನ್ಸಿಲು ಹಿಡಿಯಲು ಬೇಕಾದ ಬಲ ಬೆರಳಿಗೆ ಬರುವುದು ಇಲ್ಲಿಂದಲೇ. ಹಾಗಾಗಿ ನಾಲ್ಕು ವರ್ಷದವರಿಂದ ಅಕ್ಷರ ತಿದ್ದಿಸಲು ಅವಸರ ಮಾಡುವವರಿಗೆ ನಾನು ಹೇಳುವುದು, ಮೊದಲು ಮೂರು ತಿಂಗಳು ಮುದ್ದೆ ಕೊಡಿ ಎಂದು.

ಈ ಪಾಕದಲ್ಲಿ ಉಪ್ಪು ತುಂಬಾ ಇದೆ. ಚೂರು ನಾಲಿಗೆಗೆ ತಾಗಿದರೆ ಗಾಬರಿ ಬೇಡ, ಆದರೆ ತುತ್ತುಗಟ್ಟಲೆ ತಿನ್ನಲು ಬಿಡಬಾರದು. ಮನೆಯ ನಾಯಿಗೂ ಎಟಕದಂತಿಡಿ. ಇನ್ನು ಮಳೆಗಾಲದ ತೊಂದರೆ: ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನಾಗಿ ನೀರೆಳೆಯುತ್ತದೆ. ನಮ್ಮಲ್ಲಿ ಜುಲೈ ಇಡೀ ಅದಕ್ಕಿಂತ ಹೆಚ್ಚು. ಹಾಗಾಗಿ ಮುದ್ದೆಯನ್ನು ಹೊರಗಿಟ್ಟರೆ ಸಂಜೆಗೆ ಜಿಗುಟು. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ, ಆಟಕ್ಕೆ ಮುನ್ನ ಒಣ ಮೈದಾ ಉದುರಿಸಿ ನಾದಿ. ಮಗುವಿನ ಅಂಗೈ ಅಚ್ಚನ್ನು ಒಣಗಿಸಿ ನೆನಪಿಗೆ ಇಡುವ ಆಸೆಯಿದ್ದರೆ ಡಿಸೆಂಬರಿನವರೆಗೆ ಕಾಯಿರಿ. ಗೋಧಿ ಒಗ್ಗದ ಮಕ್ಕಳಿಗೆ ರೊಟ್ಟಿಗೆ ನಾದುವಂತೆ ಬಿಸಿನೀರಿನಲ್ಲಿ ಕಲಸಿದ ಅಕ್ಕಿಹಿಟ್ಟು ಆಗುತ್ತದೆ, ಅಂದಂದಿನ ಆಟಕ್ಕೆ ಮಾತ್ರ.

ಹರಿ, ಅಂಟಿಸು, ಕತ್ತರಿಸು

ಹರಿಯುವುದನ್ನು ನಾವು ತುಂಟತನ ಎನ್ನುತ್ತೇವೆ. ಎರಡೂ ಕೈ ಬೇರೆ ಬೇರೆ ದಿಕ್ಕಿಗೆ ಎಳೆಯುವ ಮೊದಲ ಪಾಠ ಅದೇ. ಬಾಳೆ ಎಲೆಯಿಂದ ಶುರುಮಾಡಿ: ನರಗಳು ಒಂದಕ್ಕೊಂದು ಸಮನಾಗಿ ಓಡುವುದರಿಂದ ಎಲೆ ನೇರ ಪಟ್ಟಿಯಾಗಿಯೇ ಸೀಳುತ್ತದೆ, ಮಗುವಿಗೆ ಗೆದ್ದ ಖುಷಿ. ನಂತರ ದಿನಪತ್ರಿಕೆ.

ಅಂಟಿಗೆ ಒಂದು ಪಾಲು ಮೈದಾ, ನಾಲ್ಕೈದು ಪಾಲು ನೀರು ಕುದಿಸಿ. ತುರ್ತಿಗೆ ಅನ್ನದ ಅಗುಳೂ ಸಾಕು. ಪೋಸ್ಟರ್ ಅಂಟಿಸುವವರು ಕೆಡದಂತೆ ಮೈಲುತುತ್ತು ಬೆರೆಸುತ್ತಾರೆ, ಅದು ವಿಷ, ಮನೆಯ ಅಂಟಿಗೆ ಎಂದಿಗೂ ಬೇಡ. ಹರಿದ ಬಣ್ಣದ ಕಾಗದವನ್ನು ರಟ್ಟಿನ ಮೇಲೆ ಹೇಗೆ ಬೇಕಾದರೂ ಅಂಟಿಸಲಿ. ನಾಲ್ಕು ದಾಟಿದವರಿಗೆ ದೀಪಾವಳಿಯ ಹೊತ್ತಿನಲ್ಲಿ ಇದನ್ನೇ ಪ್ಲಾಸ್ಟಿಕ್ ಬಾಟಲಿಯ ಸುತ್ತ ಮಾಡಿಸಿದರೆ ಗೂಡುದೀಪ. ಒಳಗೆ ಸಣ್ಣ ಎಲ್‌ಇಡಿ ಬಲ್ಬು ಇರಲಿ, ಹಣತೆ ಬೇಡ, ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇರಲಿ. ಗುಂಡಿ ಬ್ಯಾಟರಿ ನುಂಗಿದರೆ ಅನ್ನನಾಳ ಸುಡುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಕತ್ತರಿ ಮೂರರ ನಂತರ, ಮೊಂಡು ತುದಿಯದ್ದು. ಮೊದಲು ಹೊಸೆದ ಹಿಟ್ಟಿನ ಹಾವನ್ನು ತುಂಡರಿಸಲಿ, ಆಮೇಲೆ ದಪ್ಪ ಕಾಗದದ ಅಂಚಿಗೆ ಒಂದೊಂದೇ ಕಚ್ಚು, ಆಮೇಲೆ ನೇರ ಗೆರೆ. ತಿರುವು ಕೊನೆಗೆ. ಹೆಬ್ಬೆರಳು ಮೇಲೆ ಇರಬೇಕು, ಕಾಗದವನ್ನು ತಿರುಗಿಸುವುದು ಇನ್ನೊಂದು ಕೈಯ ಕೆಲಸ. ಎಡಗೈ ಬಳಸುವ ಮಗುವಿಗೆ ಎಡಗೈ ಕತ್ತರಿಯನ್ನೇ ಹುಡುಕಿ ಕೊಡಿ, ಕೈ ಬದಲಿಸಬೇಡಿ.

ಹಲಸಿನ ಎಲೆಯ ಕಿರೀಟ: ನಾಲ್ಕು ವರ್ಷದಿಂದ

ಕೊಟ್ಟೆ ಕಟ್ಟಲು ಕೊಯ್ಯುವಂಥ ಬಲಿತ, ದಪ್ಪ ಎಲೆ ಹತ್ತು–ಹನ್ನೆರಡು ಬೇಕು. ತೊಟ್ಟಿನಿಂದ ಮೇಣ ಒಸರುವುದು ನಿಲ್ಲುವವರೆಗೆ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಕೈಗೆ ಹತ್ತಿದ ಮೇಣ ತೆಂಗಿನೆಣ್ಣೆ ಉಜ್ಜಿದರೆ ಹೋಗುತ್ತದೆ. ತೊಟ್ಟುಗಳನ್ನು ಮುರಿದು ಬದಿಗಿಡಿ, ಅವೇ ಸೂಜಿ. ಒಂದು ಎಲೆಯ ತುದಿ ಇನ್ನೊಂದರ ಬುಡದ ಮೇಲೆ ಮೂರು ಬೆರಳು ಬರುವಂತೆ ಇಡಿ. ತೊಟ್ಟನ್ನು ಎರಡೂ ಎಲೆಗೆ ತೂರಿಸಿ, ಹೊಲಿಗೆ ಹಾಕಿದಂತೆ ಮತ್ತೆ ಹೊರಗೆ ತನ್ನಿ. ಎಲೆ ತೂತಾಗುವಾಗ ಬರುವ ‘ಟಪ್’ ಸದ್ದಿಗೆ ಮಕ್ಕಳು ಮರುಳಾಗುತ್ತಾರೆ. ಪಟ್ಟಿ ತಲೆಯ ಸುತ್ತಳತೆಗೆ ಬಂದಾಗ ತುದಿ ಸೇರಿಸಿ. ಮುಂಭಾಗದಲ್ಲಿ ಒಂದು ಎಲೆಯನ್ನು ನೆಟ್ಟಗೆ ನಿಲ್ಲಿಸಿ ಕೇಪಳ ಹೂ ಸಿಕ್ಕಿಸಿದರೆ ಯಕ್ಷಗಾನದ ವೇಷಕ್ಕೆ ತಯಾರು. ಮೊದಲ ಎರಡು ಹೊಲಿಗೆ ನೀವು ಹಾಕಿ, ಉಳಿದದ್ದು ಓರೆಯಾದರೂ ಅವರದ್ದೇ ಇರಲಿ.

ಹಾಳೆ ತಟ್ಟೆಯ ಹುಲಿ

ಉಡುಪಿಯ ವಿಟ್ಲಪಿಂಡಿ, ಮಂಗಳೂರಿನ ದಸರಾ ಹತ್ತಿರ ಬಂದಾಗ ಹುಲಿವೇಷದ ತಾಸೆಯ ಸದ್ದು ಕೇಳಿದ ಮಗು ಮನೆಯೊಳಗೇ ಹೆಜ್ಜೆ ಹಾಕುತ್ತದೆ. ಆಗ ಇದಕ್ಕೆ ಸಮಯ. ಊಟದ ಅಡಿಕೆ ಹಾಳೆಯ ತಟ್ಟೆಯ ಹಿಂಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಕಣ್ಣಿನ ತೂತು ನೀವು ಕೊಯ್ಯಿರಿ, ಎರಡು ಬೆರಳು ಅಗಲವಿರಲಿ. ಹಳದಿ ಪೋಸ್ಟರ್ ಬಣ್ಣಕ್ಕೆ ಒಂದು ಚಮಚ ಬಿಳಿ ಅಂಟು ಬೆರೆಸಿದರೆ ಒಣಗಿದ ಮೇಲೆ ಉದುರುವುದಿಲ್ಲ. ಮಗು ಇಡೀ ತಟ್ಟೆಗೆ ಬಳಿಯಲಿ. ಹಳದಿ ಪೂರ್ತಿ ಒಣಗದೆ ಕಪ್ಪು ಕೊಡಬೇಡಿ, ಇದೊಂದರಲ್ಲಿ ಬಿಗಿಯಾಗಿರಿ. ಮರುದಿನ ಪಟ್ಟೆಗಳು. ಮೂರು ವರ್ಷದವರ ಪಟ್ಟೆ ಚುಕ್ಕೆಯಾಗಿ ಚಿರತೆಯಾದೀತು. ಹುಲಿವೇಷದ ತಂಡಗಳಲ್ಲೂ ಚಿರತೆ ಇರುತ್ತದೆ! ದಾರ, ಇಲಾಸ್ಟಿಕ್ ಕುತ್ತಿಗೆಗೆ ಸುತ್ತಿಕೊಳ್ಳಬಹುದು, ಆದ್ದರಿಂದ ಕೆಳಗೆ ಐಸ್‌ಕ್ರೀಂ ಕಡ್ಡಿ ಅಂಟಿಸಿ ಕೈಯಲ್ಲಿ ಹಿಡಿಯುವಂತೆ ಮಾಡಿ.

ನಿಮ್ಮ ಬಾಯಿ, ನಿಮ್ಮ ಕೈ

ಮಗು ಗೀಚಿದ್ದನ್ನು ಕಂಡು “ಇದೇನು, ಆನೆಯಾ?” ಎಂದು ಕೇಳಬೇಡಿ. ಎರಡು ವರ್ಷದ ಗೆರೆ ಏನೂ ಆಗಿರಬೇಕಾಗಿಲ್ಲ. “ಇಲ್ಲಿ ಜೋರಾಗಿ ಸುತ್ತಿದ್ದೀಯಲ್ಲ”, “ಈ ಮೂಲೆಗೆಲ್ಲ ನೀಲಿ ಹಾಕಿದೆ” ಎಂದು ಕಂಡದ್ದನ್ನು ಹೇಳಿ. ಹೇಳಬೇಕೆನಿಸಿದರೆ ಮಗುವೇ ಕತೆ ಹೇಳುತ್ತದೆ. “ಅಮ್ಮಾ, ಮೀನು ಬಿಡಿಸಿಕೊಡು” ಎಂದರೆ ಬಿಡಿಸಿಕೊಡದೆ, ಮೀನಿಗೆ ಏನೇನು ಇದೆ ಎಂದು ಕೇಳಿ, ಬೇಕಿದ್ದರೆ ಅಡುಗೆಮನೆಗೆ ಬಂದ ಬಂಗುಡೆಯನ್ನೇ ತೋರಿಸಿ. ಪಕ್ಕದ ಮನೆಯ ಮಗುವಿನ ಚಿತ್ರದ ಜೊತೆ ಹೋಲಿಸುವ ನೆಂಟರಿಗೆ ಮಗುವಿನ ಎದುರೇ ಬೇಡವೆನ್ನಿ. ಮುಗಿದ ಮೇಲೆ ಬ್ರಷ್ ತೊಳೆಯುವುದು, ಮಣೆ ಒರೆಸುವುದು ಮಗುವಿನ ಪಾಲಿಗೂ ಬರಲಿ. ನೀರಿನ ಕೆಲಸವಾದ್ದರಿಂದ ಅದೂ ಆಟವೇ.

ಒಣಗಿಸುವುದು, ಇಡುವುದು

ಮಳೆಗಾಲದಲ್ಲಿ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಮರುದಿನ ಬೆಳಿಗ್ಗೆ ಎಲ್ಲವೂ ಅಂಟಿ ಒಂದಾಗಿರುತ್ತವೆ. ಫ್ಯಾನಿನ ಕೆಳಗೆ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪಿನಿಂದ ತೂಗುಹಾಕಿ, ಒಂದು ರಾತ್ರಿ ಬಿಡಿ. ಮೈದಾ ಅಂಟು, ಎಲೆ, ಕಾಳು ಇರುವ ಕೆಲಸಗಳಿಗೆ ಬೂಷ್ಟು ಹಿಡಿಯುತ್ತದೆ, ಜಿರಳೆ ಬರುತ್ತದೆ. ಅವುಗಳ ಫೋಟೊ ತೆಗೆದು, ಮಗುವಿಗೆ ಹೇಳಿಯೇ, ವಾರದೊಳಗೆ ತೆಂಗಿನ ಬುಡಕ್ಕೆ ಹಾಕಿ. ಕ್ರೇಯಾನು, ಪೋಸ್ಟರ್ ಬಣ್ಣದ ಹಾಳೆಗಳಲ್ಲಿ ತಿಂಗಳಿಗೆ ಒಂದೆರಡನ್ನು ಮಗುವಿನಿಂದಲೇ ಆರಿಸಿ, ಹಿಂಬದಿಯಲ್ಲಿ ದಿನಾಂಕ ಬರೆದು, ನಡುವೆ ದಿನಪತ್ರಿಕೆ ಇಟ್ಟು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕಪಾಟಿನ ಮೇಲಿನ ಅರೆಗೆ ಸೇರಿಸಿ. ನುಸಿಗುಳಿಗೆ, ಕರ್ಪೂರ ಹಾಕಬೇಡಿ, ಎರಡೂ ಮಕ್ಕಳ ಹೊಟ್ಟೆಗೆ ಹೋದರೆ ವಿಷ. ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರಿನ ಕೊನೆಯಲ್ಲಿ ಒಮ್ಮೆ ಡಬ್ಬಿ ತೆರೆದು, ಹಾಳೆಗಳನ್ನು ನೆರಳಿನಲ್ಲಿ ಗಾಳಿಗೆ ಹರಡಿ, ಒಳಗಿನ ಪತ್ರಿಕೆಗಳನ್ನು ಬದಲಿಸಿ.